ದಿನಾ ಐದು ತಾಸು ಓದಿದರೂ ಗಣಿತದಲ್ಲಿ 30 ದಾಟುತ್ತಿಲ್ಲ. ಓದು ಬುದ್ಧಿವಂತರಿಗೆ ಮಾತ್ರ ಹತ್ತುತ್ತದಾ?

ನಿಮ್ಮ 30ಕ್ಕೆ ನಾನಂತೂ ನಗುವುದಿಲ್ಲ. 2009ರಲ್ಲಿ ಹತ್ತನೇ ತರಗತಿಯ ಗಣಿತದಲ್ಲಿ ನನಗೆ ಬಂದದ್ದು 23. ಈಗಿನಂತೆ 20 ಅಂಕದ ಇಂಟರ್ನಲ್ ಆಗ ಇರಲಿಲ್ಲ, ನೂರಕ್ಕೆ ನೂರೂ ಪೇಪರಿನಲ್ಲೇ ಬರೆದು ತೆಗೆಯಬೇಕಿತ್ತು.

ನಮ್ಮದು ಇಳಕಲ್ಲು, ನೇಕಾರರ ಮನೆ. ರಿಸಲ್ಟ್ ಬಂದ ದಿನ ಮಾವ ಹೇಳಿದ್ದು ಒಂದೇ ಮಾತು: "ಇವಗ ಓದು ಹತ್ತಂಗಿಲ್ಲ, ಮಗ್ಗಕ್ಕ ಕೂಡ್ರಿಸು." ಮಗ್ಗಕ್ಕೆ ದಡ್ಡರು ಸಾಕು ಅನ್ನುವ ಹಾಗೆ! ಇಳಕಲ್ ಸೀರೆಯ ತೋಪತೆನಿ ಸೆರಗು ಜೋಡಿಸುವುದನ್ನು ಒಮ್ಮೆ ನೋಡಬೇಕು. ಒಡಲಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸಬೇಕು. ಅವ್ವ ಅದನ್ನು ಮಾಡುವಾಗ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಇರಲಿ, ವಿಷಯ ಅದಲ್ಲ.

ನಾನೂ ಓದುತ್ತಿದ್ದೆ. ಸುಮ್ನೆ ಕೂತವನಲ್ಲ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಪುಸ್ತಕ ಹಿಡಿಯುತ್ತಿದ್ದೆ. ನಮ್ಮ ಓಣಿಯಲ್ಲಿ ರಿಟೈರ್ ಆದ ಮಾಸ್ತರರೊಬ್ಬರು ಇದ್ದರು. ಅವ್ವ ನನ್ನನ್ನು ಅವರ ಮುಂದೆ ನಿಲ್ಲಿಸಿದಳು. ಅವರು ಏನೂ ಕೇಳಲಿಲ್ಲ. ಗಣಿತದ ಪುಸ್ತಕ ಮುಚ್ಚಿ, ಅಡ್ಡ ಹಿಡಿದು, ಹಾಳೆಗಳ ಅಂಚು ನೋಡಿದರು. ಮೊದಲ ಎರಡು ಪಾಠದ ಅಂಚು ಬೆವರಿನ ಕೈ ಮುಟ್ಟಿ ಮುಟ್ಟಿ ಕಪ್ಪಾಗಿತ್ತು. ಅಲ್ಲಿಂದ ಕೊನೆಯ ತನಕ ಬಿಳಿ. "ಎಲ್ಲೀ ತನಕ ಓದೀಯಪಾ ಅಂತ ನಿನ್ನ ಕೇಳೂದ ಬ್ಯಾಡ" ಅಂದರು, "ಪುಸ್ತಕನ ಹೇಳಾಕತ್ತೈತಿ."

ನಿಜ. ಪ್ರತಿ ಸಲ ಮೊದಲ ಪುಟದಿಂದ ಶುರು ಮಾಡುತ್ತಿದ್ದೆ. ಬರುವ ಲೆಕ್ಕವನ್ನೇ ಮತ್ತೆ ಮತ್ತೆ ಮಾಡುತ್ತಿದ್ದೆ. ಬರದ ಲೆಕ್ಕ ಬಂದಾಗ ಗೈಡ್ ತೆಗೆದು ಕಾಪಿ ಮಾಡಿ, ತಿಳಿಯಿತು ಅಂದುಕೊಳ್ಳುತ್ತಿದ್ದೆ. ತಾಸುಗಳ ಲೆಕ್ಕ ಮಾತ್ರ ಪಕ್ಕಾ.

ಮಾಸ್ತರರು ನನ್ನಿಂದ ವರ್ಗ ಸಮೀಕರಣದ 30 ಲೆಕ್ಕ ಮಾಡಿಸಿದರು, ಗೈಡ್ ಇಲ್ಲದೆ. 19 ತಪ್ಪು. ನನಗೆ ಅಳು ಬಂತು, ಅವರಿಗೆ ಖುಷಿ ಆಯಿತು. ಯಾಕಂದರೆ 19ರಲ್ಲಿ ಹೆಚ್ಚಿನವು ಒಂದೇ ತಪ್ಪು. ಎಕ್ಸ್ ವರ್ಗ − 5 ಎಕ್ಸ್ + 6 = 0 ಅಂತ ಇಟ್ಟುಕೊಳ್ಳಿ. ಸೂತ್ರದಲ್ಲಿ ಮೊದಲು ಬರುವುದು −ಬಿ. ಬಿ ಅಂದರೆ ಎಕ್ಸ್ ಜೊತೆಗಿರುವ ಸಂಖ್ಯೆ, ಇಲ್ಲಿ −5, ಹಾಗಾಗಿ −ಬಿ ಅಂದರೆ +5. ನಾನು ಮೈನಸ್ ಒಂದು ಸಲ ಕಂಡಿತಲ್ಲ ಅಂತ −5 ಅಂತಲೇ ಬರೆಯುತ್ತಿದ್ದೆ. ಉತ್ತರ 2 ಮತ್ತು 3 ಬರಬೇಕಾದಲ್ಲಿ −2, −3 ಬರುತ್ತಿತ್ತು. ವರ್ಷವಿಡೀ ದಡ್ಡ ಅನ್ನಿಸಿಕೊಂಡದ್ದರಲ್ಲಿ ಇಂಥ ಪುಟ್ಟ ಗೆರೆಗಳ ಪಾಲೇ ಜಾಸ್ತಿ.

ಆಮೇಲೆ, ಫೇಲಾದವರು ಮತ್ತೆ ಬರೆಯುವ ಜೂನ್ ಪರೀಕ್ಷೆಯ ತನಕ ಒಂದೇ ಪದ್ಧತಿ. ತಪ್ಪಿದ ಲೆಕ್ಕಗಳಿಗೆ ಬೇರೆ ನೋಟ್‌ಬುಕ್. ಇವತ್ತು ತಪ್ಪಿದ್ದನ್ನು ನಾಳೆ ಪುಸ್ತಕ ಮುಚ್ಚಿ ಮಾಡಬೇಕು, ಸರಿ ಬಂದರೆ ವಾರ ಬಿಟ್ಟು ಇನ್ನೊಮ್ಮೆ. ಎರಡು ತಾಸಿಗಿಂತ ಜಾಸ್ತಿ ಕೂರುತ್ತಿರಲಿಲ್ಲ, ಆದರೆ ಆ ಎರಡು ತಾಸು ಹಳೆಯ ಐದು ತಾಸಿಗಿಂತ ಭಾರ. ಬರದೇ ಇರುವುದರ ಮುಂದೆ ಕೂರುವುದು ಬೇಸರದ ಕೆಲಸ, ಅಲ್ವಾ? ಎದ್ದು ಹೋಗೋಣ ಅನ್ನಿಸುತ್ತದೆ. ನನ್ನ ಪ್ರಕಾರ ಪ್ರಯತ್ನ ಅನ್ನುವುದು ಅಲ್ಲಿಂದಲೇ ಶುರು, ಅದಕ್ಕಿಂತ ಮೊದಲಿನದು ಬರೀ ಕೂತದ್ದು.

ಹೀಗೆ ಪುಸ್ತಕ ಮುಚ್ಚಿ ಮಾಡುವುದು ಮಾಸ್ತರರ ಹಟ ಅಂದುಕೊಂಡಿದ್ದೆ. ಅಮೆರಿಕದಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದ ಬಗ್ಗೆ ತುಂಬಾ ವರ್ಷದ ಮೇಲೆ ಓದಿದೆ. ಒಂದೇ ಪಾಠವನ್ನು ನಾಲ್ಕು ಸರದಿ ಓದಿದ ವಿದ್ಯಾರ್ಥಿಗಳಿಗೆ ವಾರದ ನಂತರ ನೆನಪಿದ್ದದ್ದು ನೂರಕ್ಕೆ ಸುಮಾರು 40 ಭಾಗ. ಒಂದೇ ಸರದಿ ಓದಿ, ಮೂರು ಸಲ ನೋಡದೆ ಬರೆದವರಿಗೆ ಸುಮಾರು 61 ಭಾಗ. ತಮಾಷೆ ಅಂದರೆ, ಓದಿ ಐದು ನಿಮಿಷಕ್ಕೆ ಕೇಳಿದಾಗ ಬರೀ ಓದಿದವರೇ ಮುಂದಿದ್ದರು. ರಾತ್ರಿ ಎಲ್ಲಾ ಬರುತ್ತೆ ಅನ್ನಿಸಿ, ಪರೀಕ್ಷೆಯಲ್ಲಿ ಖಾಲಿ ಆಗುವುದು ಇದಕ್ಕೇ ಇರಬೇಕು.

ಒಂದು ಮಾತು ಮಾತ್ರ ಮೊದಲೇ ಹೇಳಬೇಕಿತ್ತು. ಎಲ್ಲವನ್ನೂ ಪ್ರಯತ್ನದ ತಲೆಗೆ ಕಟ್ಟಬೇಡಿ. ನನ್ನ ಪಕ್ಕ ಕೂರುತ್ತಿದ್ದ ಗೆಳೆಯನಿಗೆ ಬೋರ್ಡೇ ಕಾಣುತ್ತಿರಲಿಲ್ಲ. ಒಂಬತ್ತನೇ ತರಗತಿಯ ತನಕ ಬೈಸಿಕೊಂಡ, ಕನ್ನಡಕ ಬಂದ ಮೇಲೆ ಸರಿಹೋದ. ಕಣ್ಣು ತೋರಿಸಿದ್ದೀರಾ? ರಾತ್ರಿ ಸರಿ ನಿದ್ದೆ ಆಗುತ್ತಿದೆಯಾ? ಅದಿಲ್ಲದೆ ಛಲ ಅಂದರೆ ಬರೀ ಹಿಂಸೆ.

ಜೂನ್‌ನಲ್ಲಿ ನನಗೆ ಬಂದದ್ದು 41. ಪೇಪರಿನಲ್ಲಿ ಫೋಟೋ ಬರುವ ಅಂಕ ಅಲ್ಲ. ಪಿಯುಸಿಗೆ ಕಾಮರ್ಸ್ ಸೇರಿದೆ, ಈಗ ಬಾಗಲಕೋಟೆಯಲ್ಲಿ ಲೆಕ್ಕಪತ್ರದ ಕೆಲಸ. ಮೈನಸ್ ಕಂಡರೆ ಇವತ್ತಿಗೂ ಕೈ ಒಂದು ಗಳಿಗೆ ನಿಲ್ಲುತ್ತದೆ. ನಿಮಗೆ ಇನ್ನೊಂದು ಅನುಕೂಲ ಇದೆ: 2024ರಿಂದ ಹತ್ತನೆಯವರು ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯಬಹುದು, ಜಾಸ್ತಿ ಬಂದ ಅಂಕವೇ ಉಳಿಯುತ್ತದೆ.

ಈಗ ನಿಮ್ಮ ಗಣಿತದ ಪುಸ್ತಕ ಅಡ್ಡ ಹಿಡಿದು ನೋಡಿ. ಅಂಚು ಎಲ್ಲೀ ತನಕ ಕಪ್ಪಾಗಿದೆ ಹೇಳಿ, ಮುಂದೆ ಎಲ್ಲಿಂದ ಶುರು ಮಾಡೋದು ನೋಡೋಣ.