ಕಂಪ್ಯೂಟರ್ ಕಾರಿಗೆ ಹಳೇ ಡಿಸ್ಟ್ರಿಬ್ಯೂಟರ್ ಕೂರುತ್ತದೆಯೇ?

ಪ್ರಶ್ನೆ: ಅಮೆರಿಕದಲ್ಲಿದ್ದೇನೆ. ನನ್ನದು 1984ರ ಷೆವರ್ಲೆ ಕಮಾರೊ, 5.0 ಲೀಟರ್ ವಿ8, ಕಂಪ್ಯೂಟರ್ ನಿಯಂತ್ರಿತ ಕಾರ್ಬುರೇಟರ್. ಸ್ಪಾರ್ಕ್ ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಶಾಫ್ಟ್ ಸವೆದಿದೆ. 1978ರದ್ದೊಂದು ಅಗ್ಗಕ್ಕೆ ಸಿಗುತ್ತಿದೆ. ಹಾಕಬಹುದೇ?

ಉತ್ತರ: ಬೇಡ. ಕೂರುವುದೇನೋ ಕೂರುತ್ತದೆ, ಕಾರೂ ಸ್ಟಾರ್ಟ್ ಆಗುತ್ತದೆ. ಮೋಸ ಹೋಗುವುದೇ ಅಲ್ಲಿ. ಹಳೆಯದು ಎಂಜಿನ್ನಿನ ಗಾಳಿ ಸೆಳೆತಕ್ಕೆ ಸ್ಪಂದಿಸುವ ವ್ಯಾಕ್ಯೂಮ್ ಡಬ್ಬಿ, ತೂಕದ ಬಿಲ್ಲೆಗಳಿಂದ ಟೈಮಿಂಗನ್ನು, ಅಂದರೆ ಕಿಡಿ ಹಾರುವ ಗಳಿಗೆಯನ್ನು, ಬೇಗವಾಗಿಸುತ್ತದೆ. ನಿಮ್ಮದರಲ್ಲಿ ಆ ಕೆಲಸ ಕಂಪ್ಯೂಟರಿನದು. ಡಿಸ್ಟ್ರಿಬ್ಯೂಟರಿನಿಂದ ಸಿಗ್ನಲ್ ಬರದಿದ್ದರೆ ಅದಕ್ಕೆ ಎಂಜಿನ್ ಓಡುತ್ತಿರುವುದೇ ಗೊತ್ತಾಗದು, ಕಾರ್ಬುರೇಟರಿನ ಪೆಟ್ರೋಲ್-ಗಾಳಿ ಮಿಶ್ರಣವೂ ಕೆಡುತ್ತದೆ.

ಕೊಳ್ಳುವಾಗ ನೋಡಬೇಕಾದ್ದು: ವ್ಯಾಕ್ಯೂಮ್ ಡಬ್ಬಿ ಇರಬಾರದು, ಒಳಗೆ ಏಳು ಪಿನ್ನಿನ ಮಾಡ್ಯೂಲ್ (ಕಿಡಿ ನಿಯಂತ್ರಿಸುವ ಎಲೆಕ್ಟ್ರಾನಿಕ್ ಭಾಗ), ಹೊರಗೆ ನಾಲ್ಕು ವೈರಿನ ಪ್ಲಗ್, ಕ್ಯಾಪಿನ ಮೇಲೆಯೇ ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಸುರುಳಿ).

ಬಿಚ್ಚುವ ಮುನ್ನ ರೋಟರ್ (ಕ್ಯಾಪಿನ ಕೆಳಗೆ ತಿರುಗುವ ಭಾಗ) ತೋರುವ ದಿಕ್ಕನ್ನು ಗುರುತು ಮಾಡಿ. ಗೇರಿನ ಹಲ್ಲು ಓರೆ, ಎತ್ತುವಾಗ ರೋಟರ್ ತಿರುಗುತ್ತದೆ. ನಿಂತ ಜಾಗವನ್ನೂ ಗುರುತಿಸಿ, ಹೊಸದನ್ನು ಅಲ್ಲಿಂದಲೇ ಇಳಿಸಿ. ಪೂರ್ತಿ ಕೂರದಿದ್ದರೆ ಅದರ ಬುಡಕ್ಕೆ ಸೇರುವ ಆಯಿಲ್ ಪಂಪಿನ ಶಾಫ್ಟ್ ಹೊಂದಿಲ್ಲವೆಂದರ್ಥ. ಉದ್ದ ಸ್ಕ್ರೂಡ್ರೈವರಿನಿಂದ ಅದನ್ನು ತಿರುಗಿಸಿ. ಬೋಲ್ಟ್ ಬಿಗಿದು ಎಳೆದರೆ ಪಂಪಿಗೇ ಪೆಟ್ಟು.

ಟೈಮಿಂಗ್ ಹೊಂದಿಸುವಾಗ ನಾಲ್ಕು ವೈರಿನ ಪ್ಲಗ್ ಬಿಚ್ಚಲೇಬೇಕು. ಬಾನೆಟ್ ಕೆಳಗಿನ ಸ್ಟಿಕ್ಕರಿನಲ್ಲಿರುವ ಡಿಗ್ರಿಯೇ ಪ್ರಮಾಣ. ಆಗ ಕಂಪ್ಯೂಟರ್ ದೋಷದ ಸಂಖ್ಯೆಯಾಗಿ ಕೋಡ್ 42 ತೋರಿಸಿದರೆ ಗಾಬರಿ ಬೇಡ. ಪ್ಲಗ್ ಮತ್ತೆ ಸಿಕ್ಕಿಸಿ, ಬ್ಯಾಟರಿ ತಂತಿ ಸ್ವಲ್ಪ ಹೊತ್ತು ತೆಗೆದರೆ ಅಳಿಯುತ್ತದೆ.