ಫೀಲ್ಡ್ ಪಾಯಿಂಟ್ ನೆಟ್ಟಗೆ ಹೋಗಿ ಬ್ರಾಡ್‌ಹೆಡ್ ಎಡಕ್ಕೆ ಬೀಳ್ತಿದೆ, ಬಾಣ ಕತ್ತರಿಸಲಾ?

ಕತ್ತರಿಸಬೇಡಿ. ಉಳಿದದ್ದನ್ನು ನಿಧಾನಕ್ಕೆ ಓದಿ, ಮೊದಲು ಆ ಗರಗಸ ಎತ್ತಿಡಿ.

ಬಲಗೈಯವರು, ರಿಕರ್ವ್ ಬಿಲ್ಲು, ಶೆಲ್ಫ್ (ಬಿಲ್ಲಿನ ಹಿಡಿಯ ಮೇಲೆ ಬಾಣ ಕೂರುವ ಕಟ್ಟೆ) ಮೇಲಿಟ್ಟೇ ಬಾಣ ಬಿಡುತ್ತೀರಿ. 125 ಗ್ರೇನ್ (ಸುಮಾರು 8 ಗ್ರಾಂ) ಫೀಲ್ಡ್ ಪಾಯಿಂಟ್, ಅಂದರೆ ಅಭ್ಯಾಸದ ಅಲಗಿಲ್ಲದ ತುದಿ, ಗುರಿಗೆ ಬೀಳುತ್ತದೆ, ಅಷ್ಟೇ ತೂಕದ ಬ್ರಾಡ್‌ಹೆಡ್, ಅಂದರೆ ಅಲಗಿರುವ ಬೇಟೆಯ ತುದಿ, 20 ಗಜದಲ್ಲಿ ಗೇಣುದ್ದ ಎಡಕ್ಕೆ ಹೋಗುತ್ತದೆ. ಬ್ರಾಡ್‌ಹೆಡ್ ಬದಲಿಸಲಾ, ದೊಡ್ಡ ಗರಿ ಕಟ್ಟಲಾ, ಬಾಣ ಅರ್ಧ ಇಂಚು ಕತ್ತರಿಸಲಾ ಅಂತ ಕೇಳಿದ್ದೀರಿ. ಈ ಮೂರನ್ನೂ ಮಾಡಿದವನು ನಾನು. ಮೊದಲೆರಡರಲ್ಲಿ ದುಡ್ಡು ಹೋಯಿತು. ಮೂರನೆಯದರಲ್ಲಿ ಒಂದು ಡಜನ್ ಕಾರ್ಬನ್ ಬಾಣ ಹಾಳಾಯಿತು.

"ಫೀಲ್ಡ್ ಪಾಯಿಂಟ್ ಸರಿಯಾಗಿಯೇ ಹೋಗ್ತಿದೆ" ಅಂದಿದ್ದೀರಲ್ಲ, ಅದನ್ನೇ ನಾನು ಒಪ್ಪುವುದಿಲ್ಲ. ಅದು ಸರಿಯಾದ ಜಾಗಕ್ಕೆ ಬೀಳ್ತಿದೆ ಅಷ್ಟೇ. ಬಿಲ್ಲು ಬಿಡುವಾಗ ಬಾಣ ಸ್ವಲ್ಪ ಓರೆಯಾಗಿದ್ದರೂ ಹಿಂದಿನ ಗರಿಗಳು ಬಾಲವನ್ನು ಎಳೆದು ನೇರ ಮಾಡಿಬಿಡುತ್ತವೆ. ನಿಮ್ಮ ಕಣ್ಣಿಗೆ ತಪ್ಪು ಕಾಣುವುದೇ ಇಲ್ಲ. ಬ್ರಾಡ್‌ಹೆಡ್ ಹಾಕಿದಾಗ ಮುಂದುಗಡೆಯೂ ರೆಕ್ಕೆ ಬಂದಂತಾಯಿತು. ಬಾಣ ಓರೆಯಾಗಿ ಹೊರಟರೆ ಗಾಳಿ ಆ ಅಲಗಿಗೆ ಬಡಿದು ತುದಿಯನ್ನೇ ಆ ಕಡೆ ತಿರುಗಿಸುತ್ತದೆ. ಹೊಸ ಬ್ರಾಡ್‌ಹೆಡ್ ತಂದರೂ ಅದೇ ಕಥೆ. ದೊಡ್ಡ ಗರಿ ಕಟ್ಟಿದರೆ ಎಡಕ್ಕೆ ಹೋಗುವುದು ಕಮ್ಮಿ ಆಗುತ್ತದೆ, ನಿಜ. ಆದರೆ ಓರೆ ಹಾಗೇ ಉಳಿಯುತ್ತದೆ, ಗಾಳಿ ಬೀಸಿದ ದಿನ ಮತ್ತೆ ಹೊರಗೆ ಬರುತ್ತದೆ.

ಈಗ ನನ್ನ ಬಾಣಗಳ ವಿಷಯ. ಸ್ವಲ್ಪ ಉದ್ದ ಆಗುತ್ತದೆ, ಯಾಕಂದರೆ ನೀವು ಅದೇ ದಾರಿಯಲ್ಲಿ ಹೊರಟಿದ್ದೀರಿ.

ಬೇರ್ ಶಾಫ್ಟ್ ಪರೀಕ್ಷೆ ಗೊತ್ತಿರಬಹುದು. ಗರಿ ಕಟ್ಟಿದ ಬಾಣಗಳ ಜೊತೆ ಗರಿಯೇ ಇಲ್ಲದ ಬೋಳು ಬಾಣವನ್ನೂ ಬಿಟ್ಟು ಎಲ್ಲಿ ಬೀಳುತ್ತದೆ ಅಂತ ನೋಡುವುದು. ಬಲಗೈಯವರಿಗೆ ಬೋಳು ಬಾಣ ಗರಿ ಬಾಣಗಳಿಂದ ಎಡಕ್ಕೆ ಬಿದ್ದರೆ ಬಾಣ ಬಿರುಸು (ಬಳುಕುವುದು ಸಾಲದು), ಬಲಕ್ಕೆ ಬಿದ್ದರೆ ಮೆದು (ಬಳುಕುವುದು ಜಾಸ್ತಿ). ಎಡಗೈಯವರಿಗೆ ಇದು ಉಲ್ಟಾ. ನನ್ನದು ಬಲಕ್ಕೆ ಬಿತ್ತು. ಜೊತೆಗೆ ಬಾಲ ಮೇಲೆತ್ತಿಕೊಂಡು ಚುಚ್ಚಿಕೊಂಡಿತ್ತು. ಬಾಲ ಮೇಲಿದ್ದರೆ ನಾಕಿಂಗ್ ಪಾಯಿಂಟ್ (ಹೆದೆಯ ಮೇಲೆ ಬಾಣ ಸಿಕ್ಕಿಸುವ ಜಾಗದ ಗುರುತು) ಕೆಳಗಿಳಿಸಬೇಕು ಅಂತ ಓದಿದ್ದೆ, ಇಳಿಸಿದೆ. ಬಾಲ ಇಳಿಯಲಿಲ್ಲ. ಇನ್ನೂ ಇಳಿಸಿದೆ, ಇನ್ನೂ ಜಾಸ್ತಿ ಎತ್ತಿಕೊಂಡಿತು. ಬೇಜಾರಾಗಿ ಅದನ್ನು ಅಲ್ಲಿಗೇ ಬಿಟ್ಟು, ಮೊದಲು ಎಡ-ಬಲ ಸರಿ ಮಾಡೋಣ ಅಂತ ಹೊರಟೆ. ನನ್ನನ್ನು ಕೆಡಿಸಿದ್ದು ಅದೊಂದೇ ನಿರ್ಧಾರ.

ಬಲಕ್ಕೆ ಬಿತ್ತು, ಹಾಗಾದರೆ ಮೆದು. ಮೆದು ಬಾಣ ಬಿರುಸಾಗಬೇಕಾದರೆ ಕತ್ತರಿಸಬೇಕು. ಲೆಕ್ಕ ಸರಿಯಾಗೇ ಇತ್ತು. ಅರ್ಧ ಇಂಚು ಕತ್ತರಿಸಿದೆ, ಬಲಕ್ಕೇ ಬಿತ್ತು. ಮತ್ತರ್ಧ, ಮತ್ತರ್ಧ. ಒಂದು ಬಾಣದಲ್ಲಿ ನೋಡಿ ನಿಲ್ಲಿಸಬೇಕಿತ್ತು, ನಾನು ಇಡೀ ಡಜನ್ ಕತ್ತರಿಸುತ್ತಾ ಹೋದೆ.

ನಿಜ ಗೊತ್ತಾಗಿದ್ದು ಶೆಲ್ಫ್ ಮೇಲಿನ ಚರ್ಮ ನೋಡಿದಾಗ. ಹಿಂಬದಿಯ ಅಂಚಿನಲ್ಲಿ ಒಂದು ಗೆರೆ ಉಜ್ಜಿ ಹೊಳೆಯುತ್ತಿತ್ತು. ಗರಿ ಬಾಣ ತೆಗೆದು ನೋಡಿದರೆ ಕೆಳಗಿನ ಗರಿಯ ದಂಟು ಮುಂದುಗಡೆ ಎಳೆ ಎಳೆಯಾಗಿ ಸಿಬಿರೆದ್ದಿತ್ತು. ಆ ಚರ್ಮಕ್ಕೆ ಲಿಪ್‌ಸ್ಟಿಕ್ ಸವರಿ ಬೋಳು ಬಾಣ ಬಿಟ್ಟೆ. ನಾಕ್ (ಹೆದೆಗೆ ಸಿಕ್ಕಿಸುವ ಬಾಲದ ಸೀಳು) ಹತ್ತಿರ ಕಡ್ಡಿಯ ತಳಕ್ಕೆ ಕೆಂಪು ಮೆತ್ತಿತ್ತು. ನನ್ನ ನಾಕಿಂಗ್ ಪಾಯಿಂಟ್ ಮೊದಲಿನಿಂದಲೂ ತಗ್ಗಿತ್ತು. ಬಾಲ ಶೆಲ್ಫ್‌ಗೆ ಬಡಿದು ಮೇಲೆ ಚಿಮ್ಮುತ್ತಿತ್ತು. ಚಿಮ್ಮಿದ ಬಾಲ ನೋಡಿ ನಾನು ಇನ್ನೂ ತಗ್ಗಿಸುತ್ತಿದ್ದೆ. ಹಾಗೆ ಬಡಿದು ಹೋದ ಬಾಣ ಎಡಕ್ಕೆ ಬಿದ್ದರೂ ಬಲಕ್ಕೆ ಬಿದ್ದರೂ ಅದನ್ನು ನಂಬಿ ಏನೂ ಮಾಡುವಂತಿಲ್ಲ. ಬಾಣ ಬಿರುಸೋ ಮೆದುವೋ ಅನ್ನುವುದು ಅಲ್ಲಿ ಗೊತ್ತೇ ಆಗುವುದಿಲ್ಲ. ನಾನು ಅದನ್ನು ನಂಬಿ ಗರಗಸ ಹಿಡಿದಿದ್ದೆ.

ನಾಕಿಂಗ್ ಪಾಯಿಂಟ್ ಮೇಲಕ್ಕೆ ಕಟ್ಟಿದ ಮೇಲೆ ಬಾಲ ಚಿಮ್ಮುವುದು ನಿಂತಿತು. ಆಗ ಅದೇ ಬಾಣಗಳು ಎಡಕ್ಕೆ ಬೀಳತೊಡಗಿದವು. ಕತ್ತರಿಸಿ ಕತ್ತರಿಸಿ ಅಷ್ಟು ಬಿರುಸು ಮಾಡಿಟ್ಟಿದ್ದೆ. 200 ಗ್ರೇನ್ ತುದಿ ಹಾಕಿದಾಗ ಬಹಳಷ್ಟು ಸರಿಹೋಯಿತು, ಪೂರ್ತಿ ಅಲ್ಲ. ಇನ್ನೊಂದು ತೊಂದರೆಯೂ ಇತ್ತು. ಪೂರ್ತಿ ಎಳೆದಾಗ ಬ್ರಾಡ್‌ಹೆಡ್‌ನ ಹಿಂದಿನ ಅಂಚು ಬಿಲ್ಲು ಹಿಡಿದ ಕೈಬೆರಳ ಹತ್ತಿರಕ್ಕೇ ಬರುತ್ತಿತ್ತು. ಆ ಬಾಣಗಳಿಗೆ ಮತ್ತೆ ಬ್ರಾಡ್‌ಹೆಡ್ ಹಾಕಲೇ ಇಲ್ಲ. ಪೂರ್ತಿ ಎಳೆದಾಗಲೂ ಅಲಗಿನ ಹಿಂಭಾಗ ಬಿಲ್ಲಿನಿಂದ ಒಂದು ಇಂಚಾದರೂ ಮುಂದಿರಬೇಕು.

ಹಾಗಾಗಿ ಮೊದಲು ಮೇಲೆ-ಕೆಳಗೆ, ಆಮೇಲೆ ಎಡ-ಬಲ. ಇದರಲ್ಲಿ ನನಗೆ ಎರಡು ಮಾತಿಲ್ಲ. ಬ್ರೇಸ್ ಹೈಟ್ (ಹಿಡಿಗೂ ಹೆದೆಗೂ ಇರುವ ಅಂತರ) ಅಳೆದು ಬರೆದಿಡಿ, ಪರೀಕ್ಷೆ ಮುಗಿಯುವವರೆಗೆ ಅದನ್ನು ಮುಟ್ಟಬೇಡಿ. ನಾಕಿಂಗ್ ಪಾಯಿಂಟನ್ನು ಬೇಕೆಂದೇ ಮೇಲೆ ಕಟ್ಟಿ, ಬೋ ಸ್ಕ್ವೇರ್‌ನಲ್ಲಿ (ಹೆದೆಗೆ ಸಿಕ್ಕಿಸುವ T ಆಕಾರದ ಅಳತೆಪಟ್ಟಿ) ಮುಕ್ಕಾಲು ಇಂಚು ಮೇಲಿಂದ ಶುರು ಮಾಡಿ. ಆಗ ಬೋಳು ಬಾಣ ಗರಿ ಬಾಣಗಳಿಗಿಂತ ಕೆಳಗೆ ಬೀಳುತ್ತದೆ. ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬಂದು ಎರಡೂ ಒಂದೇ ಎತ್ತರಕ್ಕೆ ಬಿದ್ದಾಗ ನಿಲ್ಲಿಸಿ. ಹಿತ್ತಾಳೆಯ ನಾಕಿಂಗ್ ಪಾಯಿಂಟ್ ಬೇಡ, ದಾರ ಸುತ್ತಿ ಕಟ್ಟಿಕೊಳ್ಳಿ, ಸರಿಸಲು ಸುಲಭ. 10 ಗಜದಲ್ಲಿ ಶುರು ಮಾಡಿ ಆಮೇಲೆ 20ಕ್ಕೆ ಹೋಗಿ. ಬಾಣ ಟಾರ್ಗೆಟ್‌ನಲ್ಲಿ ಯಾವ ಕಡೆ ವಾಲಿದೆ ಅಂತ ನೋಡಬೇಡಿ, ಎಲ್ಲಿ ಚುಚ್ಚಿದೆ ಅಂತ ನೋಡಿ. ಹಳೇ ಟಾರ್ಗೆಟ್ ಬಾಣವನ್ನು ಹೇಗೆ ಬೇಕಾದರೂ ವಾಲಿಸುತ್ತದೆ.

ಬೋಳು ಬಾಣ ಒಮ್ಮೆ ಅಲ್ಲಿ ಒಮ್ಮೆ ಇಲ್ಲಿ ಬೀಳುತ್ತಿದ್ದರೆ ಆ ದಿನ ಟ್ಯೂನಿಂಗ್ ಬಿಟ್ಟುಬಿಡಿ. ಅದು ನಿಮ್ಮ ಕೈಯದು. ಒಂದು ಇಂಚು ಕಮ್ಮಿ ಎಳೆದರೆ ಬಿಲ್ಲಿನ ಬಲ 2-3 ಪೌಂಡ್ ಇಳಿಯುತ್ತದೆ, ಬಾಣ ಅಷ್ಟು ಬಿರುಸಾಗಿ ವರ್ತಿಸುತ್ತದೆ. ದಣಿದ ತೋಳಲ್ಲಿ ಬಾಣ ಟ್ಯೂನ್ ಮಾಡಿದರೆ ಮರುದಿನ ಬೇರೆಯೇ ಉತ್ತರ ಬರುತ್ತದೆ.

ಎತ್ತರ ಸರಿಹೋದ ಮೇಲೂ ಬೋಳು ಬಾಣ ಎಡಕ್ಕೇ ಹೋದರೆ ನಿಮ್ಮ ಬಾಣ ಬಿರುಸು. ಬಾಣ ಬಿಲ್ಲಿನ ಪಕ್ಕದಿಂದ ಹೊರಡುತ್ತದೆ, ಹೆದೆ ಹಿಂದಿನಿಂದ ನೂಕುತ್ತದೆ, ನಡುವೆ ಬಿಲ್ಲಿನ ಹಿಡಿ ಅಡ್ಡ ಇದೆ. ಬಾಣ ಬಳುಕಿ ಅದನ್ನು ಬಳಸಿಕೊಂಡು ಹೋಗಬೇಕು. 1930ರ ದಶಕದಲ್ಲಿ ಅಮೆರಿಕದ ಭೌತವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ ಹೈಸ್ಪೀಡ್ ಚಿತ್ರ ತೆಗೆದು ಇದನ್ನು ತೋರಿಸಿದರು. ಸಾಕಷ್ಟು ಬಳುಕದ ಬಾಣ ಎಡಕ್ಕೆ ಹೋಗುತ್ತದೆ. ಕತ್ತರಿಸಿದರೆ ಇನ್ನೂ ಕಮ್ಮಿ ಬಳುಕುತ್ತದೆ, ಅಲ್ವಾ? ಅದಕ್ಕೇ ಬೇಡ ಅಂದದ್ದು.

ಭಾರದ ತುದಿ ಹಾಕಿ ನೋಡಿ, ಬಾಣ ಜಾಸ್ತಿ ಬಳುಕುತ್ತದೆ. 150, 175, 200 ಗ್ರೇನ್ ಫೀಲ್ಡ್ ಪಾಯಿಂಟ್ ಒಂದೊಂದು ತಂದರೆ ಸಾಕು. ಸ್ಟ್ರೈಕ್ ಪ್ಲೇಟ್ (ಬಾಣ ಪಕ್ಕಕ್ಕೆ ಒರಗುವ ಪಟ್ಟಿ) ದಪ್ಪ ಇದ್ದರೆ ತೆಳ್ಳಗೆ ಮಾಡಿ, ಬಾಣ ಬಿಲ್ಲಿನ ನಡುವಿಗೆ ಹತ್ತಿರ ಬರುತ್ತದೆ. ಎರಡರಲ್ಲೂ ಆಗದಿದ್ದರೆ ಮೆದು ಶಾಫ್ಟ್ (ಬಾಣದ ಕಡ್ಡಿ) ತಗೊಳ್ಳಿ. ಕಾರ್ಬನ್ ಮೇಲೆ 500 ಅಂತ ಇದ್ದರೆ, 28 ಇಂಚು ಅಂತರದ ಎರಡು ಆಸರೆಗಳ ಮೇಲಿಟ್ಟು ನಡುವೆ 1.94 ಪೌಂಡ್ ತೂಗುಹಾಕಿದಾಗ ಅದು ಅರ್ಧ ಇಂಚು ಬಾಗುತ್ತದೆ ಅಂತ. ಅಂಕಿ ದೊಡ್ಡದಾದಷ್ಟೂ ಬಾಣ ಮೆದು. ಉದ್ದದ್ದೇ ತಂದು ಹಾಗೇ ಇಟ್ಟುಕೊಳ್ಳಿ.

ಬ್ರಾಡ್‌ಹೆಡ್ ಸರದಿ ಕೊನೆಗೆ. ಅದರ ತೂಕ ಫೀಲ್ಡ್ ಪಾಯಿಂಟ್‌ಗೆ ಸಮ ಇರಲಿ, ಪೊಟ್ಟಣದ ಮೇಲಿನ ಅಂಕಿ ನಂಬದೆ ತೂಗಿ ನೋಡಿ. ಬಾಣವನ್ನು ಬ್ರಾಡ್‌ಹೆಡ್ ತುದಿಯ ಮೇಲೆ ಮರದ ಹಲಗೆಯಲ್ಲಿ ನಿಲ್ಲಿಸಿ ಬುಗುರಿಯ ಹಾಗೆ ತಿರುಗಿಸಿ. ಅಲಗು ಕಡ್ಡಿಗೆ ಕೂಡುವ ಜಾಗ ಅಲುಗಾಡಿದರೆ ಅದು ಸೊಟ್ಟ ಕೂತಿದೆ. ಅಂಟಿನದಾದರೆ ಬಿಸಿ ಮಾಡಿ ಸ್ವಲ್ಪ ತಿರುಗಿಸಿ ಮತ್ತೆ ಕೂರಿಸಿ. ಬೋಳು ಬಾಣ ಸರಿಹೋಗಿ, ಈ ತಿರುಗಿಸುವ ಪರೀಕ್ಷೆಯೂ ಸರಿಹೋದ ಒಂದು ಬ್ರಾಡ್‌ಹೆಡ್ ಮಾತ್ರ ಎಡಕ್ಕೆ ಹೋದರೆ, ಆಗ ಬೇಕಾದರೆ ಅದನ್ನು ಬದಲಿಸಿ.

ನಾಕಿಂಗ್ ಪಾಯಿಂಟ್ ಮೇಲಿಂದ ಇಳಿಸಿ ನೋಡಿದ ಮೇಲೆ ಬೋಳು ಬಾಣ ಎಲ್ಲಿ ಬಿತ್ತು ಅಂತ ಇಲ್ಲೇ ಬರೆಯಿರಿ. ಬಾಣದ ಉದ್ದ, ಶಾಫ್ಟ್ ಮೇಲಿನ ಅಂಕಿ, ನಿಮ್ಮ ಎಳೆತದಲ್ಲಿ ಬಿಲ್ಲು ಎಷ್ಟು ಪೌಂಡ್ ಬರುತ್ತದೆ ಅನ್ನುವುದನ್ನೂ ತಿಳಿಸಿ. ಎಷ್ಟು ಗ್ರೇನ್‌ನಿಂದ ಶುರು ಮಾಡಬೇಕು ಅಂತ ಹೇಳುತ್ತೇನೆ.