ಹೈವೇಯಲ್ಲಿ ಸರಿ, ಸಿಗ್ನಲ್‌ನಲ್ಲಿ ಕುದಿ: ಥರ್ಮೋಸ್ಟಾಟ್ ತೆಗೆಸಬೇಕೇ?

ಪ್ರಶ್ನೆ: ನಮ್ಮದು ಒಂಬತ್ತು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಸಿಂಧನೂರಿನಿಂದ ರಾಯಚೂರಿನವರೆಗೆ ಏನೂ ತೊಂದರೆ ಇಲ್ಲ. ಊರೊಳಗೆ ಟ್ರಾಫಿಕ್‌ನಲ್ಲಿ ನಿಂತರೆ, ಅದರಲ್ಲೂ ಎಸಿ ಹಾಕಿದ್ದರೆ, ಟೆಂಪರೇಚರ್ ಮುಳ್ಳು ಕೆಂಪು ಗೆರೆಗೆ ಹೋಗುತ್ತದೆ. ವಾರಕ್ಕೆ ಅರ್ಧ ಲೀಟರ್ ನೀರು ಇಳಿಯುತ್ತದೆ, ಬೋರ್ ನೀರನ್ನೇ ತುಂಬುತ್ತೇವೆ. ಮೆಕ್ಯಾನಿಕ್ ಥರ್ಮೋಸ್ಟಾಟ್ ತೆಗೆದುಬಿಡೋಣ ಅನ್ನುತ್ತಾರೆ. ತೆಗೆಸಲೇ?
– ಓದುಗರು, ಸಿಂಧನೂರು

ಉತ್ತರ: ತೆಗೆಸಬೇಡಿ. ಥರ್ಮೋಸ್ಟಾಟ್ ಅಂದರೆ ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ಕವಾಟ. ಅದು ಮುಚ್ಚಿಕೊಂಡು ಸಿಕ್ಕಿಬಿದ್ದಿದ್ದರೆ ನಿಮ್ಮ ಕಾರು ಹೈವೇಯಲ್ಲೇ ಕುದಿಯುತ್ತಿತ್ತು. ಬಹುತೇಕ ಕಾರುಗಳಲ್ಲಿ ಅದು 82ರಿಂದ 88 ಡಿಗ್ರಿಯ ಸುಮಾರಿಗೆ ತೆರೆಯುತ್ತದೆ. ಅದಿಲ್ಲದಿದ್ದರೆ ಎಂಜಿನ್ ಬೇಕಾದಷ್ಟು ಬಿಸಿಯಾಗದೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಆಯಿಲ್ ಬೇಗ ಕೆಡುತ್ತದೆ. ಕೆಲವು ಎಂಜಿನ್‌ಗಳಲ್ಲಿ ರೇಡಿಯೇಟರ್ ತಪ್ಪಿಸಿ ಹೋಗುವ ಬೈಪಾಸ್ ದಾರಿ ಸದಾ ತೆರೆದೇ ಉಳಿದು, ನೀರು ರೇಡಿಯೇಟರ್‌ಗೆ ಸರಿಯಾಗಿ ಹೋಗದೆ ಬಿಸಿ ಇನ್ನೂ ಹೆಚ್ಚುತ್ತದೆ.

ಓಡುವಾಗ ಗಾಳಿ ತಾನಾಗಿ ರೇಡಿಯೇಟರ್‌ಗೆ ಹೊಡೆಯುತ್ತದೆ, ನಿಂತಾಗ ಫ್ಯಾನ್ ಒಂದೇ ಗತಿ. ಹಾಗಾಗಿ ಮೊದಲು ಫ್ಯಾನ್ ನೋಡಿ. ಎಂಜಿನ್ ಸ್ಟಾರ್ಟ್ ಮಾಡಿ ಎಸಿ ಹಾಕಿ. ಹೆಚ್ಚಿನ ಕಾರುಗಳಲ್ಲಿ ಸ್ವಲ್ಪ ಹೊತ್ತಿಗೇ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಫ್ಯೂಸ್ ನೋಡಿ, ಆಮೇಲೆ ರಿಲೇ (ಫ್ಯಾನಿಗೆ ಕರೆಂಟ್ ಬಿಡುವ ಸ್ವಿಚ್). ಫ್ಯೂಸ್ ಬಾಕ್ಸ್‌ನಲ್ಲಿ ಅದೇ ನಂಬರಿನ ಬೇರೆ ರಿಲೇ ಇದ್ದರೆ ಅದಲುಬದಲು ಮಾಡಿ ನೋಡಬಹುದು. ಆಗಲೂ ಇಲ್ಲವೆಂದರೆ ಮೆಕ್ಯಾನಿಕ್ ಕೈಯಲ್ಲಿ ಮೋಟಾರಿಗೆ ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಡಿಸಿ. ಅದರಲ್ಲೂ ತಿರುಗದಿದ್ದರೆ ಮೋಟಾರ್ ಹೋಗಿದೆ. ತಿರುಗಿದರೆ ದೋಷ ವೈರಿಂಗ್, ಸೆನ್ಸರ್ ಅಥವಾ ರೆಸಿಸ್ಟರ್‌ನಲ್ಲಿದೆ. ತಿರುಗುವ ಫ್ಯಾನ್ ಕೂಡ ಸುಳ್ಳು ಭರವಸೆ ಕೊಡಬಹುದು: ಕಾರ್ಬನ್ ಬ್ರಷ್ ಸವೆದ ಮೋಟಾರ್ ಕುಂಟುತ್ತಾ ತಿರುಗುತ್ತದೆ, ಬೇಕಾದಷ್ಟು ಗಾಳಿ ಎಳೆಯುವುದಿಲ್ಲ.

ಫ್ಯಾನ್ ಸರಿಯಿದ್ದರೆ ಟಾರ್ಚ್ ಹಿಡಿದು ಎಸಿ ಕಂಡೆನ್ಸರ್ (ರೇಡಿಯೇಟರ್ ಮುಂದಿರುವ ಎಸಿಯ ಜಾಲರಿ) ಮತ್ತು ರೇಡಿಯೇಟರ್ ನಡುವಿನ ಸಂದಿಯನ್ನು ನೋಡಿ. ನಮ್ಮ ಕಡೆ ಅಲ್ಲಿ ಸಿಗುವುದು ಹತ್ತಿಯ ಎಳೆ, ಭತ್ತದ ಹೊಟ್ಟು. ಸಂಡೂರು ಕಡೆ ಓಡಾಡುವ ಗಾಡಿಗಳಲ್ಲಿ ಕೆಂಪು ಅದಿರಿನ ಧೂಳು. ಇವು ಒದ್ದೆಯಾಗಿ ಒಣಗಿ ಫೆಲ್ಟ್ ಬಟ್ಟೆಯಂತೆ ಹೊದ್ದುಕೊಂಡಿರುತ್ತವೆ, ಮುಂದಿನಿಂದ ನೋಡಿದರೆ ಕಾಣುವುದೇ ಇಲ್ಲ. ಎಂಜಿನ್ ತಣ್ಣಗಿದ್ದಾಗ ಸಾಧಾರಣ ಪೈಪಿನ ನೀರನ್ನು ಎಂಜಿನ್ ಕಡೆಯಿಂದ ಹೊರಕ್ಕೆ ಬಿಡಿ. ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ಅಲ್ಯೂಮಿನಿಯಂ ರೆಕ್ಕೆಗಳು ಮಲಗಿಬಿಡುತ್ತವೆ.

ಇನ್ನು ನೀರು ಇಳಿಯುವ ವಿಷಯ. ಮುಚ್ಚಿದ ವ್ಯವಸ್ಥೆಯಲ್ಲಿ ವಾರಕ್ಕೆ ಅರ್ಧ ಲೀಟರ್ ಸುಮ್ಮನೆ ಹೋಗುವುದಿಲ್ಲ. ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರ, ಹೋಸ್ ಕ್ಲಿಪ್ಪುಗಳು, ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕ್ ಅಂಚು, ಮುಂದಿನ ಸೀಟಿನ ಕಾಲಡಿಯ ಮ್ಯಾಟ್ (ಹೀಟರ್ ಸೋರಿದರೆ ಒದ್ದೆಯಾಗುತ್ತದೆ), ಇಷ್ಟನ್ನೂ ನೋಡಿ. ಬಿಳಿ ಅಥವಾ ತುಕ್ಕು ಬಣ್ಣದ ಒಣ ಕಲೆಯಿದ್ದರೆ ಸೋರಿಕೆ ಅಲ್ಲೇ. ರೇಡಿಯೇಟರ್ ಕ್ಯಾಪಿನ ರಬ್ಬರ್ ಬಿರುಕು ಬಿಟ್ಟಿದ್ದರೆ ಅದರ ಮೇಲೆ ಬರೆದಿರುವ 0.9 ಅಥವಾ 1.1 ಒತ್ತಡದ ಅಂಕಿಯದೇ ಹೊಸದು ಹಾಕಿ. ಒಳಗೆ ಒತ್ತಡ ಉಳಿದರೆ ಮಾತ್ರ ನೀರು 100 ಡಿಗ್ರಿಯಲ್ಲಿ ಕುದಿಯದೆ ಸುಮಾರು 120ರವರೆಗೆ ತಡೆಯುತ್ತದೆ. ಹೊರಗೆ ಎಲ್ಲೂ ಸೋರಿಕೆ ಕಾಣದಿದ್ದರೆ ಪ್ರೆಷರ್ ಟೆಸ್ಟ್ ಮಾಡಿಸಿ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ತೆರೆದ ರೇಡಿಯೇಟರ್ ಬಾಯಲ್ಲಿ ಗುಳ್ಳೆ ನಿಲ್ಲದೆ ಬಂದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಮೇಲೆ ಅನುಮಾನ. ಆಗ ಗಾಡಿ ಓಡಿಸಲೇಬೇಡಿ.

ಬೋರ್ ನೀರನ್ನು ಇಂದೇ ನಿಲ್ಲಿಸಿ. ನಮ್ಮ ಗಡಸು ನೀರಿನ ಉಪ್ಪು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕಲ್ಲಾಗಿ ಕೂರುತ್ತದೆ, ಅಲ್ಯೂಮಿನಿಯಂ ತಿನ್ನುತ್ತದೆ. ಸೋರಿಕೆ ಸರಿಯಾದ ಮೇಲೆ ಹಳೆಯದನ್ನು ಇಳಿಸಿ, ಡಿಸ್ಟಿಲ್ಡ್ ವಾಟರ್ ತುಂಬಿ, ಹೀಟರ್ ಫುಲ್ ಇಟ್ಟು ಕೆಳಗಿನ ಹೋಸ್ ಬಿಸಿಯಾಗುವವರೆಗೆ ಎಂಜಿನ್ ಓಡಿಸಿ, ಆಫ್ ಮಾಡಿ, ತಣ್ಣಗಾದ ಮೇಲೆ ಮತ್ತೆ ಇಳಿಸಿ. ತಿಳಿ ನೀರು ಬರುವವರೆಗೆ ಹೀಗೇ ಮಾಡಿ. ನಂತರ ಮ್ಯಾನ್ಯುಯಲ್ ಹೇಳಿದ ಕೂಲಂಟನ್ನೇ (ಎಂಜಿನ್ ತಂಪಿಡುವ ದ್ರವ) ಹಾಕಿ, ಬಣ್ಣ ನೋಡಿ ಕೊಳ್ಳಬೇಡಿ. ಇಂಥ ಕಾರಿಗೆ ಸಾಮಾನ್ಯವಾಗಿ 4ರಿಂದ 5 ಲೀಟರ್ ಹಿಡಿಯುತ್ತದೆ. ಕಾನ್ಸಂಟ್ರೇಟ್ ಆದರೆ ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ, ರೆಡಿಮಿಕ್ಸ್ ಆದರೆ ನೀರು ಸೇರಿಸಬೇಡಿ. ತುಂಬುವಾಗ ಕಾರಿನ ಮೂತಿ ಎತ್ತರದಲ್ಲಿರಲಿ, ಹೋಸ್ ಹಿಸುಕಿ ಗಾಳಿ ಹೊರಹಾಕಿ. ಇಳಿಸಿದ ಕೂಲಂಟನ್ನು ಬಯಲಿಗೆ ಚೆಲ್ಲಬೇಡಿ. ಅದು ಸಿಹಿಯಾಗಿರುತ್ತದೆ, ನಾಯಿ ದನ ನೆಕ್ಕಿದರೆ ಸಾಯುತ್ತವೆ.

ಪ್ರಶ್ನೆ: ಕುಮಾರಸ್ವಾಮಿ ಬೆಟ್ಟ ಏರುವಾಗ ಮುಳ್ಳು ಕೆಂಪಿಗೆ ಹೋದರೆ ಎಂಜಿನ್ ಆಫ್ ಮಾಡಬೇಕೇ, ಓಡುತ್ತಾ ಬಿಡಬೇಕೇ?
– ಓದುಗರು, ಬಳ್ಳಾರಿ

ಉತ್ತರ: ಮುಳ್ಳು ಏರಲು ಶುರುವಾದಾಗಲೇ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ (ಅದು ಎಂಜಿನ್ ಬಿಸಿಯನ್ನು ಎಳೆದುಕೊಳ್ಳುತ್ತದೆ), ಬದಿಗೆ ನಿಲ್ಲಿಸಿ. ಕೆಂಪು ಮುಟ್ಟಿದ್ದರೆ ಅಥವಾ ಹಬೆ ಬರುತ್ತಿದ್ದರೆ ತಕ್ಷಣ ಆಫ್ ಮಾಡಿ. ಕನಿಷ್ಠ 45 ನಿಮಿಷ ಕ್ಯಾಪಿಗೆ ಕೈ ಹಾಕಬೇಡಿ. ಒತ್ತಡದ ನೀರು ಮುಖಕ್ಕೆ ಚಿಮ್ಮಿ ಚರ್ಮ ಸುಲಿಯುತ್ತದೆ. ಬಿಸಿ ಎಂಜಿನ್ ಮೇಲೆ ತಣ್ಣೀರು ಸುರಿದರೆ ಹೆಡ್ ಬಿರಿಯಬಹುದು. ಮೇಲಿನ ಹೋಸ್ ಒತ್ತಿದಾಗ ಮೆತ್ತಗಾಗಿ, ಮುಟ್ಟಿದರೆ ಕೈ ತಾಳುವಷ್ಟಾದ ಮೇಲೆ ದಪ್ಪ ಬಟ್ಟೆ ಹಿಡಿದು ಕ್ಯಾಪನ್ನು ನಿಧಾನಕ್ಕೆ ಬಿಡಿಸಿ, ನೀರು ಸ್ವಲ್ಪ ಸ್ವಲ್ಪವೇ ಹಾಕಿ. ತುಂಬಿದ ನೀರು ಹತ್ತು ನಿಮಿಷವೂ ನಿಲ್ಲದಿದ್ದರೆ ಎಳೆಯುವ ಗಾಡಿ ಕರೆಸುವುದೇ ಅಗ್ಗ.